ಮಕ್ಕಳ ಬ್ಲಡ್ ಕಲ್ಚರ್ ಪಾಸಿಟಿವ್ ಬಂದಾಗ: ರಕ್ತದ ಸೋಂಕೋ, ಚರ್ಮದಿಂದ ಸೇರಿದ ಬ್ಯಾಕ್ಟೀರಿಯಾವೋ?

ಬ್ಲಡ್ ಕಲ್ಚರ್ ಎಂದರೆ ರಕ್ತವನ್ನು ಪೋಷಕ ದ್ರಾವಣವಿರುವ ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ. ಆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ಪ್ರಯೋಗಾಲಯದಿಂದ ಫೋನ್ ಬಂದಾಗ ಮಕ್ಕಳ ವೈದ್ಯರ ಮುಂದೆ ಎರಡು ಸಾಧ್ಯತೆಗಳಿರುತ್ತವೆ. ಆ ಬ್ಯಾಕ್ಟೀರಿಯಾ ನಿಜವಾಗಿಯೂ ಮಗುವಿನ ರಕ್ತದಲ್ಲಿ ಇದ್ದಿರಬಹುದು. ಇಲ್ಲವೇ ರಕ್ತ ತೆಗೆಯುವಾಗ ಮಗುವಿನ ಚರ್ಮದಿಂದಲೋ, ತೆಗೆದವರ ಬೆರಳಿನಿಂದಲೋ, ಬಾಟಲಿಯ ರಬ್ಬರ್ ಮುಚ್ಚಳದಿಂದಲೋ ಒಳಸೇರಿರಬಹುದು. ಇದರಲ್ಲಿ ಎರಡನೆಯದನ್ನೇ ಆಸ್ಪತ್ರೆಯ ಮಾತಿನಲ್ಲಿ ಕಂಟ್ಯಾಮಿನೇಷನ್ ಎನ್ನುತ್ತಾರೆ. ನಿಜವಾದ ಸೋಂಕನ್ನು ಕಂಟ್ಯಾಮಿನೇಷನ್ ಎಂದು ತಳ್ಳಿಹಾಕಿದರೆ ಮಗುವಿನ ಜೀವಕ್ಕೇ ಅಪಾಯ. ಕಂಟ್ಯಾಮಿನೇಷನ್ನನ್ನು ಸೋಂಕೆಂದು ನಂಬಿದರೆ ಮನೆಗೆ ಹೋದ ಮಗುವನ್ನು ಮತ್ತೆ ಕರೆಸಿ ದಾಖಲು ಮಾಡಿಕೊಳ್ಳುವುದು, ಬೇಡದ ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ಮೂತ್ರಪಿಂಡ ಕೆಡದಂತೆ ಕಾಯುವುದು, ಚೆನ್ನಾಗಿದ್ದ ಸೆಂಟ್ರಲ್ ಲೈನನ್ನು (ದೊಡ್ಡ ರಕ್ತನಾಳದೊಳಗೆ ಇಟ್ಟ ಕೊಳವೆಯನ್ನು) ತೆಗೆದು ಮತ್ತೊಂದು ಹಾಕುವುದು, ಇವೆಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಎರಡೂ ತಪ್ಪುಗಳ ಭಾರ ಒಂದೇ ಅಲ್ಲ. ಆದರೂ ಎರಡನ್ನೂ ತಪ್ಪಿಸಲು ಸಾಧ್ಯವಿದೆ, ಮತ್ತು ಹೇಗೆಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ದೊಡ್ಡವರಲ್ಲಿ ಈ ಪ್ರಶ್ನೆಗೆ ಒಂದು ಸುಲಭ ಲೆಕ್ಕವಿದೆ. ಬೇರೆ ಬೇರೆ ಜಾಗಗಳಿಂದ ತೆಗೆದ ಎರಡು ಮೂರು ಬಾಟಲಿ ಸೆಟ್‌ಗಳಲ್ಲಿ ಒಂದರಲ್ಲಿ ಮಾತ್ರ ಚರ್ಮದ ಬ್ಯಾಕ್ಟೀರಿಯಾ ಬೆಳೆದರೆ ಅದು ಬಹುಮಟ್ಟಿಗೆ ಕಂಟ್ಯಾಮಿನೇಷನ್. ಹೆಚ್ಚಿನವುಗಳಲ್ಲಿ ಬೆಳೆದರೆ ಸೋಂಕು. ಮಕ್ಕಳಲ್ಲಿ ಈ ಲೆಕ್ಕ ಹೆಚ್ಚಿನ ಸಲ ಕೈಕೊಡುತ್ತದೆ, ಏಕೆಂದರೆ ರಕ್ತನಾಳ ಸಿಗುವುದು ಕಷ್ಟವೆಂದು ಒಂದೇ ಸಲ ಚುಚ್ಚಿ ಒಂದೇ ಬಾಟಲಿ ತುಂಬಿಸಿರುತ್ತಾರೆ. ಒಂದರಲ್ಲಿ ಒಂದು ಪಾಸಿಟಿವ್ ಎಂಬ ಫಲಿತಾಂಶದಿಂದ ಸಂಖ್ಯೆಯ ಬಲದ ಮೇಲೆ ಯಾವ ತೀರ್ಮಾನಕ್ಕೂ ಬರಲಾಗದು. ಆದ್ದರಿಂದ ನನ್ನ ದೃಢವಾದ ಅಭಿಪ್ರಾಯವೆಂದರೆ, ಸೋಂಕೋ ಅಲ್ಲವೋ ಎಂಬ ತೀರ್ಮಾನದ ಅರ್ಧ ಭಾಗ ರಕ್ತ ತೆಗೆಯುವ ಹೊತ್ತಿನಲ್ಲೇ ಆಗಿಹೋಗಿರುತ್ತದೆ. ಉಳಿದರ್ಧಕ್ಕೆ ಮಗುವಿನ ಹಾಸಿಗೆಯ ಪಕ್ಕಕ್ಕೆ ಹೋಗಿ ನಿಲ್ಲಬೇಕು.

ರಕ್ತ ತೆಗೆಯುವಾಗ

ಮೊದಲು ಜಾಗದ ಆಯ್ಕೆ. ಆಗಷ್ಟೇ ಹಾಕಿದ ಐವಿ ಕ್ಯಾನುಲಾದಿಂದಲೇ (ಡ್ರಿಪ್ ಕೊಡಲು ನಾಳದಲ್ಲಿ ಇಡುವ ತೆಳು ಕೊಳವೆ) ಕಲ್ಚರ್‌ಗೂ ರಕ್ತ ಎಳೆದುಕೊಳ್ಳುವುದು ಮಕ್ಕಳ ವಾರ್ಡುಗಳಲ್ಲಿ ಸಾಮಾನ್ಯ, ಮತ್ತು ಮಗುವಿಗೆ ಇನ್ನೊಂದು ಚುಚ್ಚುವಿಕೆ ತಪ್ಪಲಿ ಎಂಬ ಕಾಳಜಿ ಅದರ ಹಿಂದಿದೆ. ಆದರೆ ಕ್ಯಾನುಲಾ ಹಾಕುವಾಗ ನಾಳವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತೇವೆ, ಟೇಪ್ ಅಂಟಿಸುತ್ತೇವೆ, ಕ್ಯಾನುಲಾದ ಹೊರತುದಿಯಾದ ಹಬ್ ತೆರೆದಿರುತ್ತದೆ. ಹಾಗಾಗಿ ಇಲ್ಲಿಂದ ತೆಗೆದ ರಕ್ತದಲ್ಲಿ ಕಂಟ್ಯಾಮಿನೇಷನ್ ಪ್ರಮಾಣ ಹೆಚ್ಚು. ಕಲ್ಚರ್‌ಗೆಂದೇ ಪ್ರತ್ಯೇಕವಾಗಿ ಚುಚ್ಚಿ ತೆಗೆದ ರಕ್ತವೇ ಒಳ್ಳೆಯದು. ಅಂದು ಚುಚ್ಚುವ ಒಂದು ಸೂಜಿ ನಾಳೆ ಹತ್ತು ಸೂಜಿಗಳನ್ನು ಉಳಿಸಬಹುದು ಎಂಬುದನ್ನು ತಂದೆತಾಯಿಗೆ ಹೇಳಿದರೆ ಅವರು ಒಪ್ಪುತ್ತಾರೆ.

ಚರ್ಮ ಶುಚಿಗೊಳಿಸುವ ಕೆಲಸದಲ್ಲಿ ಅವಸರವೇ ಶತ್ರು. ಶೇ 70 ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಶೇ 2 ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣದಿಂದ 30 ಸೆಕೆಂಡು ಹಿಂದೆ ಮುಂದೆ ಚೆನ್ನಾಗಿ ತಿಕ್ಕಬೇಕು, ನಂತರ ಇನ್ನೊಂದು 30 ಸೆಕೆಂಡು ತಾನಾಗಿಯೇ ಒಣಗಲು ಬಿಡಬೇಕು. ಒದ್ದೆ ಚರ್ಮದ ಮೇಲೆ ಸೂಜಿ ಇಟ್ಟರೆ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಕ್ಕಿರುವುದಿಲ್ಲ. ಬಾಯಿಂದ ಊದಿ ಒಣಗಿಸುವುದು, ಒಣಗಿದ ಮೇಲೆ ನಾಳ ಎಲ್ಲಿದೆ ಎಂದು ಬೆರಳಿನಿಂದ ಮತ್ತೊಮ್ಮೆ ಒತ್ತಿ ನೋಡುವುದು, ಇವೆರಡೂ ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ ವ್ಯರ್ಥಮಾಡುತ್ತವೆ. ಮುಟ್ಟಲೇಬೇಕಾದರೆ ಸ್ಟೆರೈಲ್ (ಸೂಕ್ಷ್ಮಾಣುಗಳಿಲ್ಲದ) ಗ್ಲೌಸ್ ಹಾಕಿಕೊಂಡಿರಬೇಕು, ಇಲ್ಲವೇ ಚರ್ಮವನ್ನು ಮತ್ತೆ ಶುಚಿಗೊಳಿಸಬೇಕು. ಪೊವಿಡೋನ್ ಅಯೋಡಿನ್ ಬಳಸುವವರು ಅದು ಒಣಗಲು ಎರಡು ನಿಮಿಷದಷ್ಟು ಕಾಯಬೇಕು. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳ ಚರ್ಮ ತೀರಾ ತೆಳು. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಅವರಿಗೆ ಸುಟ್ಟ ಗಾಯಗಳಾಗಿದ್ದುಂಟು. ಅಲ್ಲಿ ಘಟಕದ ನಿಯಮದಂತೆ ಸೌಮ್ಯ ದ್ರಾವಣವನ್ನು ಮಿತವಾಗಿ ಬಳಸಿ, ಮೈಕೆಳಗೆ ದ್ರಾವಣ ನಿಲ್ಲದಂತೆ ನೋಡಿಕೊಂಡು, ಕೆಲಸ ಮುಗಿದ ಮೇಲೆ ಸ್ಟೆರೈಲ್ ನೀರಿನಿಂದ ಒರೆಸಿ ತೆಗೆಯಬೇಕು.

ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಹೊಸದಾಗಿ ಹೊಳೆಯುತ್ತಿದ್ದರೂ ಅದು ಸ್ಟೆರೈಲ್ ಅಲ್ಲ. ಅದನ್ನೂ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಬೇಕು. ಹಲವು ಪರೀಕ್ಷೆಗಳಿಗೆ ಒಟ್ಟಿಗೆ ರಕ್ತ ತೆಗೆದಿದ್ದರೆ ಕಲ್ಚರ್ ಬಾಟಲಿಗೇ ಮೊದಲು ಹಾಕಬೇಕು. ಉಳಿದ ಟ್ಯೂಬುಗಳ ಬಾಯಿ ಸ್ಟೆರೈಲ್ ಆಗಿರುವುದಿಲ್ಲ.

ರಕ್ತದ ಪ್ರಮಾಣಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಮಕ್ಕಳ ರಕ್ತದಲ್ಲಿ ಬ್ಯಾಕ್ಟೀರಿಯಾ ದಟ್ಟವಾಗಿರುತ್ತವೆ, ಅರ್ಧ ಮಿಲಿಲೀಟರ್ ಸಾಕು ಎಂಬ ನಂಬಿಕೆ ಹಳೆಯದು ಮತ್ತು ತಪ್ಪು. ಅನೇಕ ಮಕ್ಕಳಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿ 10ಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇರುತ್ತವೆ. ನವಜಾತ ಶಿಶುವಿನಿಂದ ಕನಿಷ್ಠ ಒಂದು ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ತೂಕಕ್ಕೆ ತಕ್ಕಂತೆ ಹೆಚ್ಚು ಬೇಕು. ಮೈಯಲ್ಲಿರುವ ಒಟ್ಟು ರಕ್ತದ ಶೇ 1ರಷ್ಟನ್ನು ಕಲ್ಚರ್‌ಗಾಗಿ ತೆಗೆಯುವುದು ಸುರಕ್ಷಿತ. ಮಗುವಿನ ಮೈಯಲ್ಲಿ ಕಿಲೋಗೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ ಎಂದು ಹಿಡಿದರೆ 10 ಕಿಲೋ ಮಗುವಿಗೆ ಇದು 8 ಮಿಲಿಲೀಟರ್. ಅಷ್ಟನ್ನು ಎರಡು ಕಡೆಯಿಂದ ತೆಗೆದು ಎರಡು ಬಾಟಲಿಗೆ ಹಾಕಿದರೆ ಮುಂದೆ ಬರುವ ಗೊಂದಲದ ಬಹುಭಾಗ ಅಲ್ಲೇ ತಪ್ಪುತ್ತದೆ. ರಕ್ತ ಕಡಿಮೆಯಾದರೆ ನಿಜವಾದ ಸೋಂಕು ತಪ್ಪಿಹೋಗುವ ಸಾಧ್ಯತೆ ಹೆಚ್ಚು. ಆದರೆ ಚರ್ಮದಿಂದ ಸೇರಿದ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ರಕ್ತದ ಪ್ರಮಾಣ ಕಡಿಮೆಯಾದದ್ದು ಅಡ್ಡಿಯೇ ಅಲ್ಲ.

ಫೋನ್ ಬಂದಾಗ ಕೇಳಬೇಕಾದ್ದು

ಮೊದಲ ಫೋನ್‌ನಲ್ಲಿ ಬ್ಯಾಕ್ಟೀರಿಯಾದ ಹೆಸರು ಸಿಗುವುದಿಲ್ಲ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್‌ನಲ್ಲಿ ಕಂಡ ರೂಪ ಮಾತ್ರ ಸಿಗುತ್ತದೆ. ಗ್ರಾಂ ನೆಗೆಟಿವ್ ಬ್ಯಾಸಿಲೈ (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಅಥವಾ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಎಂದರೆ ಚರ್ಚೆಗೆ ಅವಕಾಶವಿಲ್ಲ. ಮಗು ಎಲ್ಲಿದ್ದರೂ ಕೂಡಲೇ ನೋಡಬೇಕು. ಗ್ರಾಂ ಪಾಸಿಟಿವ್ ಕಾಕೈ (ಗುಂಡಗಿನ ಬ್ಯಾಕ್ಟೀರಿಯಾ) ಜೋಡಿಯಾಗಿ ಅಥವಾ ಸರಪಳಿಯಾಗಿ ಕಂಡರೆ ನ್ಯೂಮೋಕಾಕಸ್, ಗ್ರೂಪ್ ಎ ಅಥವಾ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಇರಬಹುದಾದ್ದರಿಂದ ಹೆಸರು ತಿಳಿಯುವವರೆಗೆ ಸೋಂಕೆಂದೇ ನಡೆದುಕೊಳ್ಳಬೇಕು. ಕಾಕೈ ಗೊಂಚಲಾಗಿ ಕಂಡರೆ ಅದು ಸ್ಟ್ಯಾಫಿಲೋಕಾಕಸ್ ಆರಿಯಸ್ ಆಗಿರಬಹುದು, ಚರ್ಮದಲ್ಲಿ ಸದಾ ಇರುವ ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್ ಆಗಿರಬಹುದು. ಸೂಕ್ಷ್ಮದರ್ಶಕದ ಚಿತ್ರದಿಂದ ಇವೆರಡನ್ನು ಖಚಿತವಾಗಿ ಬೇರ್ಪಡಿಸಲಾಗದು. ಪಿಸಿಆರ್ ಆಧಾರಿತ ಕ್ಷಿಪ್ರ ಪರೀಕ್ಷೆಯಿರುವ ಪ್ರಯೋಗಾಲಯಗಳು ಒಂದೆರಡು ಗಂಟೆಗಳಲ್ಲಿ ಇದನ್ನು ಹೇಳಬಲ್ಲವು. ಅದಿದ್ದರೆ ಆ ಕ್ಷಣದಲ್ಲೇ ಕೇಳಬೇಕು.

ಗ್ರಾಂ ಪಾಸಿಟಿವ್ ಬ್ಯಾಸಿಲೈ ಎಂಬ ವರದಿಯಲ್ಲಿ ಎಡವಿ ಬೀಳುವಂತಹ ಒಂದು ಗುಂಡಿಯಿದೆ. ಸಾಮಾನ್ಯವಾಗಿ ಅದು ಚರ್ಮದ ಡಿಫ್ತಿರಾಯ್ಡ್‌ಗಳು ಅಥವಾ ಪರಿಸರದ ಬ್ಯಾಸಿಲಸ್ ಆಗಿರುತ್ತದೆ. ಆದರೆ ನವಜಾತ ಶಿಶುವಿನಲ್ಲಿ ಅದು ಅಪಾಯಕಾರಿಯಾದ ಲಿಸ್ಟೀರಿಯಾ ಆಗಿರಬಹುದು. ಮೊದಲ ತಿಂಗಳಿನ ಮಗುವಿನ ವಿಷಯದಲ್ಲಿ ಇದನ್ನು ಡಿಫ್ತಿರಾಯ್ಡ್ ಎಂದು ಊಹಿಸಿ ಫೋನ್ ಇಡಬಾರದು. ಆಂಪಿಸಿಲಿನ್ ಒಳಗೊಂಡ ಚಿಕಿತ್ಸೆಯನ್ನು ಹೆಸರು ಬರುವವರೆಗೆ ಮುಂದುವರಿಸಬೇಕು.

ಇದರ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಬೆಳವಣಿಗೆಯನ್ನು ಗಮನಿಸುವ ಯಂತ್ರಕ್ಕೆ ಬಾಟಲಿ ಹೋದ ಎಷ್ಟು ಗಂಟೆಗಳಲ್ಲಿ ಪಾಸಿಟಿವ್ ಆಯಿತು, ಎಷ್ಟು ಬಾಟಲಿಗಳಿದ್ದವು, ಎಷ್ಟರಲ್ಲಿ ಬೆಳೆದಿದೆ. ಎಲ್ಲಿಂದ ರಕ್ತ ತೆಗೆದದ್ದು, ಎಷ್ಟು ತೆಗೆದದ್ದು ಎಂಬುದು ವಾರ್ಡಿನ ದಾಖಲೆಯಲ್ಲಿರಬೇಕು. ಇಲ್ಲದಿದ್ದರೆ ತೆಗೆದವರನ್ನೇ ಕೇಳಿ ತಿಳಿಯಬೇಕು.

ಸಮಯ, ಸಂಖ್ಯೆ, ಹೆಸರು

ನಿಜವಾದ ಸೋಂಕಿನ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಮೊದಲ 24 ಗಂಟೆಯೊಳಗೆ ಬೆಳೆಯುತ್ತವೆ. 36 ಗಂಟೆ ಕಳೆಯುವಷ್ಟರಲ್ಲಿ ಬಹುತೇಕ ಎಲ್ಲವೂ ಯಂತ್ರಕ್ಕೆ ಸಿಕ್ಕಿರುತ್ತವೆ. ಚರ್ಮದಿಂದ ಸೇರಿದವು ಸಂಖ್ಯೆಯಲ್ಲಿ ಕಡಿಮೆ ಇರುವುದರಿಂದ ಸಾಮಾನ್ಯವಾಗಿ ತಡವಾಗಿ, 24 ಗಂಟೆಯ ನಂತರ ಬೆಳೆಯುತ್ತವೆ. ಈ ಸೂತ್ರ ಉಪಯುಕ್ತ, ಆದರೆ ಅದೊಂದರ ಮೇಲೆಯೇ ತೀರ್ಮಾನ ನಿಲ್ಲದು. ಯಂತ್ರ ಎಣಿಸುವುದು ಬಾಟಲಿಯನ್ನು ಒಳಗಿಟ್ಟ ಕ್ಷಣದಿಂದ. ರಾತ್ರಿಯೆಲ್ಲ ಬಾಟಲಿ ವಾರ್ಡಿನ ಮೇಜಿನ ಮೇಲೇ ಉಳಿದಿದ್ದರೆ ಯಂತ್ರ ತೋರಿಸುವ ಗಂಟೆಗೆ ಅರ್ಥವಿಲ್ಲ. ರಕ್ತ ತೆಗೆಯುವ ಮೊದಲೇ ಆಂಟಿಬಯೋಟಿಕ್ ಕೊಟ್ಟಿದ್ದರೆ, ರಕ್ತ ತೀರಾ ಕಡಿಮೆಯಿದ್ದರೆ, ನಿಜವಾದ ಸೋಂಕೂ ತಡವಾಗಿ ಬೆಳೆಯುತ್ತದೆ. ಮೊಡವೆಯ ಬ್ಯಾಕ್ಟೀರಿಯಾವಾದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಕಂಟ್ಯಾಮಿನೇಷನ್ ಆಗಿದ್ದರೂ ಸೋಂಕಾಗಿದ್ದರೂ ಹಲವು ದಿನ ತೆಗೆದುಕೊಳ್ಳುತ್ತದೆ.

ಸಂಖ್ಯೆಯ ವಿಷಯದಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಒಂದೇ ಚುಚ್ಚುವಿಕೆಯಲ್ಲಿ ತೆಗೆದ ರಕ್ತವನ್ನು ಎರಡು ಬಾಟಲಿಗೆ ಹಂಚಿ, ಎರಡರಲ್ಲೂ ಬೆಳೆದದ್ದನ್ನು ಕಂಡು ಎರಡು ಕಲ್ಚರ್ ಪಾಸಿಟಿವ್ ಎನ್ನುತ್ತಾರೆ. ಅದು ಒಂದೇ ಕಲ್ಚರ್. ಸೂಜಿಯ ತುದಿಯಲ್ಲಿ ಚರ್ಮದ ಚೂರೊಂದು ಸಿರಿಂಜಿನೊಳಗೆ ಬಂದಿದ್ದರೆ ಎರಡೂ ಬಾಟಲಿಗೆ ಹೋಗುತ್ತದೆ. ಬೇರೆ ಜಾಗದಿಂದ, ಅಥವಾ ಬೇರೆ ಹೊತ್ತಿನಲ್ಲಿ ಚರ್ಮವನ್ನು ಹೊಸದಾಗಿ ಶುಚಿಗೊಳಿಸಿ ತೆಗೆದದ್ದು ಮಾತ್ರ ಎರಡನೆಯ ಕಲ್ಚರ್. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯು ಆಸ್ಪತ್ರೆ ಸೋಂಕುಗಳ ಎಣಿಕೆಗೆ ಬಳಸುವ ವ್ಯಾಖ್ಯೆಯೂ ಇದನ್ನೇ ಕೇಳುತ್ತದೆ: ಚರ್ಮದ ಬ್ಯಾಕ್ಟೀರಿಯಾವಾದರೆ ಒಂದೇ ದಿನ ಅಥವಾ ಹಿಂದುಮುಂದಿನ ದಿನಗಳಲ್ಲಿ ಪ್ರತ್ಯೇಕವಾಗಿ ತೆಗೆದ ಕನಿಷ್ಠ ಎರಡು ಕಲ್ಚರ್‌ಗಳಲ್ಲಿ ಅದೇ ಬೆಳೆದಿರಬೇಕು, ಜೊತೆಗೆ ಮಗುವಿನಲ್ಲಿ ಲಕ್ಷಣವೂ ಇರಬೇಕು. ಒಂದು ವರ್ಷದೊಳಗಿನವರಲ್ಲಿ ಆ ಲಕ್ಷಣಗಳೆಂದರೆ ಜ್ವರ, ಮೈ ತಣ್ಣಗಾಗುವುದು, ಉಸಿರು ನಿಲ್ಲುವುದು, ಹೃದಯ ಬಡಿತ ಇಳಿಯುವುದು. ಇದು ಎಣಿಕೆಯ ನಿಯಮ, ಚಿಕಿತ್ಸೆಯ ನಿಯಮವಲ್ಲ. ಆದರೂ ಯೋಚನೆಗೆ ಒಳ್ಳೆಯ ಆಧಾರ. ಎರಡೂ ಕಲ್ಚರ್‌ಗಳಲ್ಲಿ ಬೆಳೆದದ್ದು ಒಂದೇ ಪ್ರಭೇದವೋ, ಔಷಧಿಗಳಿಗೆ ಅವುಗಳ ಪ್ರತಿಕ್ರಿಯೆ ಒಂದೇ ರೀತಿಯಿದೆಯೋ ಎಂದು ನೋಡಬೇಕು. ಒಂದರಲ್ಲಿ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್, ಇನ್ನೊಂದರಲ್ಲಿ ಸ್ಟ್ಯಾಫಿಲೋಕಾಕಸ್ ಹೋಮಿನಿಸ್ ಬಂದರೆ ಅದು ಹೆಚ್ಚಾಗಿ ಎರಡು ಸಲ ಆದ ಕಂಟ್ಯಾಮಿನೇಷನ್.

ಹೆಸರು ತಿಳಿದ ಮೇಲೆ ಕೆಲವು ವಿಷಯಗಳು ಸ್ಪಷ್ಟ. ಸ್ಟ್ಯಾಫಿಲೋಕಾಕಸ್ ಆರಿಯಸ್, ನ್ಯೂಮೋಕಾಕಸ್, ಗ್ರೂಪ್ ಎ ಮತ್ತು ಬಿ ಸ್ಟ್ರೆಪ್ಟೋಕಾಕಸ್, ಮೆನಿಂಗೋಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜಾ, ಸಾಲ್ಮೊನೆಲ್ಲಾ, ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಎರುಜಿನೋಸಾ, ಕ್ಯಾಂಡಿಡಾ, ಇವು ಒಂದೇ ಬಾಟಲಿಯಲ್ಲಿ ಬೆಳೆದರೂ ನಿಜವೆಂದೇ ತಿಳಿಯಬೇಕು. ಮಗು ಆಟವಾಡುತ್ತಿದೆ ಎಂಬುದು ಆರಿಯಸ್ ಅಥವಾ ಕ್ಯಾಂಡಿಡಾವನ್ನು ಬಿಡಲು ಕಾರಣವಾಗದು. ಮೂಳೆ, ಕೀಲು, ಹೃದಯದ ಕವಾಟದಲ್ಲಿ ಸೋಂಕು ಮೌನವಾಗಿ ಕುಳಿತಿರಬಹುದು. ಆ ಕಡೆ ಮೈಕ್ರೋಕಾಕಸ್, ಕೊರೈನೆಬ್ಯಾಕ್ಟೀರಿಯಂ, ಕ್ಯೂಟಿಬ್ಯಾಕ್ಟೀರಿಯಂ, ಹೆಚ್ಚಿನ ಬ್ಯಾಸಿಲಸ್ ಪ್ರಭೇದಗಳು ಆರೋಗ್ಯವಂತ ಮಗುವಿನಲ್ಲಿ ಒಮ್ಮೆ ಬೆಳೆದರೆ ಬಹುಪಾಲು ಕಂಟ್ಯಾಮಿನೇಷನ್ನೇ.

ಕಷ್ಟವಿರುವುದು ಈ ಎರಡು ಗುಂಪುಗಳ ನಡುವೆ ಬರುವ ಬ್ಯಾಕ್ಟೀರಿಯಾಗಳದ್ದು. ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್ ಮಕ್ಕಳ ಕಲ್ಚರ್‌ಗಳಲ್ಲಿ ಅತಿ ಸಾಮಾನ್ಯ ಕಂಟ್ಯಾಮಿನೇಷನ್ ಹೌದು. ಅದೇ ಹೊತ್ತಿಗೆ ಅವಧಿಗೆ ಮುನ್ನ ಹುಟ್ಟಿ ನವಜಾತ ಐಸಿಯುನಲ್ಲಿ ದಿನ ಕಳೆಯುತ್ತಿರುವ ಶಿಶುಗಳಲ್ಲಿ ಮೂರು ದಿನದ ನಂತರ ಬರುವ ನಂಜಿಗೆ ಅತಿ ಸಾಮಾನ್ಯ ಕಾರಣವೂ ಅದೇ. ಆ ಗುಂಪಿಗೆ ಸೇರಿದ ಲಗ್ಡುನೆನ್ಸಿಸ್ ಎಂಬ ಪ್ರಭೇದ ಆರಿಯಸ್‌ನಂತೆಯೇ ವರ್ತಿಸುತ್ತದೆ, ಆದ್ದರಿಂದ ಪ್ರಭೇದದ ಹೆಸರು ಹೇಳಿ ಎಂದು ಪ್ರಯೋಗಾಲಯವನ್ನು ಕೇಳುವುದು ವ್ಯರ್ಥವಲ್ಲ. ವಿರಿಡನ್ಸ್ ಸ್ಟ್ರೆಪ್ಟೋಕಾಕಸ್ ಜ್ವರ ಬಂದ ಸಾಮಾನ್ಯ ಮಗುವಿನಲ್ಲಿ ಬಾಯಿಯಿಂದ ಸೇರಿದ ಸಂಗತಿಯಿರಬಹುದು. ಹೃದಯದಲ್ಲಿ ಹುಟ್ಟುದೋಷವಿರುವ ಮಗುವಿನಲ್ಲಿ ಎಂಡೋಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಇರಬಹುದು. ಕೀಮೋಥೆರಪಿಯಿಂದ ಬಾಯಿ ಹುಣ್ಣಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಇಳಿದ ಮಗುವನ್ನು ಅದೇ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯುವ ಶಾಕ್‌ಗೆ ತಳ್ಳಬಲ್ಲದು. ಬ್ಯಾಸಿಲಸ್ ಸೀರಿಯಸ್ ಕೂಡ ಲೈನ್ ಇರುವ ಮತ್ತು ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಲ್ಲಿ ನಿಜವಾದ ರೋಗ ತರುತ್ತದೆ. ಹೀಗೆ ಒಂದೇ ಹೆಸರು ಒಂದು ಮಗುವಿನಲ್ಲಿ ಕಸ, ಇನ್ನೊಂದು ಮಗುವಿನಲ್ಲಿ ಕಾಯಿಲೆ. ಹೆಸರು ನೋಡಿದ ಕೂಡಲೇ ಕಂಟ್ಯಾಮಿನೆಂಟ್ ಎಂದು ಬರೆದುಬಿಡುವ ಅಭ್ಯಾಸವನ್ನು ನಾನು ಅಪಾಯಕಾರಿ ಎಂದೇ ಭಾವಿಸುತ್ತೇನೆ.

ಮಗುವಿನ ಪಕ್ಕದಲ್ಲಿ

ಎರಡು ಸಂದರ್ಭಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಲಸಿಕೆಗಳೆಲ್ಲ ಆಗಿರುವ 14 ತಿಂಗಳ ಮಗುವಿಗೆ 39 ಡಿಗ್ರಿ ಜ್ವರವಿತ್ತು, ಕ್ಯಾನುಲಾದಿಂದ ಒಂದು ಬಾಟಲಿ ರಕ್ತ ತೆಗೆದರು, ಜ್ವರ ಇಳಿದು ಮಗು ಮನೆಗೆ ಹೋಯಿತು. 27ನೆಯ ಗಂಟೆಗೆ ಗ್ರಾಂ ಪಾಸಿಟಿವ್ ಕಾಕೈ ಗೊಂಚಲು ಎಂಬ ವರದಿ ಬಂತು ಎಂದುಕೊಳ್ಳಿ. ತಾಯಿಗೆ ಫೋನ್ ಮಾಡಿ ಜ್ವರ, ಹಾಲು ಊಟ, ಮೂತ್ರ, ಮಗುವಿನ ಲವಲವಿಕೆ ವಿಚಾರಿಸಬೇಕು. ಆರಿಯಸ್ ಅಲ್ಲವೆಂದು ಇನ್ನೂ ತಿಳಿದಿಲ್ಲವಾದ್ದರಿಂದ ಅದೇ ದಿನ ಕರೆಸಿ ಬಟ್ಟೆ ಬಿಚ್ಚಿ ಪೂರ್ತಿ ಪರೀಕ್ಷಿಸಬೇಕು: ಚರ್ಮದಲ್ಲಿ ಕೀವಿದೆಯೇ, ಕುಂಟುತ್ತಿದೆಯೇ, ಯಾವುದಾದರೂ ಕೈಕಾಲು ಆಡಿಸಿದರೆ ಅಳುತ್ತದೆಯೇ, ಹೃದಯದಲ್ಲಿ ಮರ್ಮರ ಕೇಳುತ್ತದೆಯೇ. ಎಲ್ಲವೂ ಸರಿಯಿದ್ದು, ಕ್ಷಿಪ್ರ ಪರೀಕ್ಷೆ ಕೋಆಗ್ಯುಲೇಸ್ ನೆಗೆಟಿವ್ ಎಂದರೆ, ಹೊಸ ಜಾಗದಿಂದ ಇನ್ನೊಂದು ಕಲ್ಚರ್ ತೆಗೆದು ಆಂಟಿಬಯೋಟಿಕ್ ಇಲ್ಲದೆ ಮನೆಗೆ ಕಳಿಸಬಹುದು. ಎರಡನೆಯದು ಬೆಳೆಯದಿದ್ದರೆ ವಿಷಯ ಮುಗಿಯಿತು.

ಇನ್ನೊಂದು, 27 ವಾರಕ್ಕೆ ಹುಟ್ಟಿ 12 ದಿನವಾದ ಶಿಶು. ಲಾಂಗ್ ಲೈನ್ (ಒಂದು ಬಗೆಯ ಸೆಂಟ್ರಲ್ ಲೈನ್) ಇದೆ, ಪೋಷಣೆಗಾಗಿ ಕೊಬ್ಬಿನ ದ್ರಾವಣ ಹೋಗುತ್ತಿದೆ. ನಿನ್ನೆಯಿಂದ ಉಸಿರು ನಿಲ್ಲುವುದು ಹೆಚ್ಚಿದೆ, ಹೊಟ್ಟೆಗೆ ಕೊಟ್ಟ ಹಾಲು ಉಳಿಯುತ್ತಿದೆ, ಬಡಿತ ಆಗಾಗ ಇಳಿಯುತ್ತಿದೆ. ಒಂದು ಮಿಲಿಲೀಟರ್ ರಕ್ತದ ಒಂದೇ ಬಾಟಲಿಯಲ್ಲಿ 16 ಗಂಟೆಗೆ ಅದೇ ಕೋಆಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್ ಬೆಳೆದಿದೆ. ಇಲ್ಲಿ ಕಾಯುತ್ತಾ ಕೂರಲಾಗದು. ಆದರೆ ವ್ಯಾಂಕೋಮೈಸಿನ್ ಹಾಕುವ ಮೊದಲು ಐದು ನಿಮಿಷ ತೆಗೆದುಕೊಂಡು ಬೇರೆ ಜಾಗದಿಂದ ಎರಡನೆಯ ಕಲ್ಚರ್ ತೆಗೆಯಲೇಬೇಕು. ಔಷಧಿ ಒಳಹೋದ ಮೇಲೆ ತೆಗೆದ ಕಲ್ಚರ್ ನೆಗೆಟಿವ್ ಬಂದರೆ ಅದು ಔಷಧಿಯಿಂದಲೋ, ಮೊದಲಿನದು ಸುಳ್ಳಾಗಿದ್ದರಿಂದಲೋ ಎಂದು ಯಾರೂ ಹೇಳಲಾರರು. ಚಿಕಿತ್ಸೆ ಬೇಕಿಲ್ಲದಿದ್ದರೂ ಶಿಶು ಪೂರ್ತಿ ಕೋರ್ಸ್ ಅನುಭವಿಸುತ್ತದೆ. ಎರಡನೆಯದರಲ್ಲೂ ಅದೇ ಬೆಳೆದರೆ ಚಿಕಿತ್ಸೆ ಮುಂದುವರಿಯುತ್ತದೆ, ಲೈನ್ ತೆಗೆಯುವ ಮಾತು ಬರುತ್ತದೆ. ಗಂಭೀರವಾಗಿ ಬಳಲಿರುವ ಮಗುವಿನಲ್ಲಿ ಮಾತ್ರ, ನಾಳ ಸಿಗದೆ ಹೊತ್ತಾಗುತ್ತಿದ್ದರೆ, ಎರಡನೆಯ ಕಲ್ಚರ್‌ಗಾಗಿ ಔಷಧಿಯನ್ನು ತಡೆಯಬಾರದು.

ಸೆಂಟ್ರಲ್ ಲೈನ್ ಇರುವ ಮಕ್ಕಳಲ್ಲಿ ಲೈನಿನಿಂದ ಒಂದು, ಹೊರಗಿನ ನಾಳದಿಂದ ಒಂದು, ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ತೆಗೆಯುವುದು ಸರಿಯಾದ ಕ್ರಮ. ಎರಡರಲ್ಲೂ ಅದೇ ಬೆಳೆದು, ಲೈನಿನ ಬಾಟಲಿ ಹೊರಗಿನ ನಾಳದ ಬಾಟಲಿಗಿಂತ 2 ಗಂಟೆ ಅಥವಾ ಅದಕ್ಕೂ ಹೆಚ್ಚು ಮೊದಲೇ ಪಾಸಿಟಿವ್ ಆದರೆ ಸೋಂಕಿನ ಮೂಲ ಲೈನೇ ಎಂಬುದಕ್ಕೆ ಅದು ಬಲವಾದ ಸಾಕ್ಷಿ. ಲೈನಿನದು ಮಾತ್ರ ಪಾಸಿಟಿವ್, ಹೊರಗಿನದು ನೆಗೆಟಿವ್ ಎಂದರೆ ಹಬ್‌ನಲ್ಲಿ ಬ್ಯಾಕ್ಟೀರಿಯಾ ನೆಲೆಸಿರಬಹುದು ಅಥವಾ ತೆಗೆಯುವಾಗ ಸೇರಿರಬಹುದು. ಲೈನ್ ಫ್ಲಶ್ ಮಾಡಿದ ಕೂಡಲೇ ಮಗುವಿಗೆ ಚಳಿ ನಡುಕ ಬರುತ್ತದೆಯೇ ಎಂದು ನರ್ಸ್‌ಗಳನ್ನು ಕೇಳಬೇಕು. ಅವರು ಗಮನಿಸಿರುತ್ತಾರೆ.

ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ (ಇವೆರಡೂ ಸೋಂಕಾದಾಗ ರಕ್ತದಲ್ಲಿ ಏರುವ ಪ್ರೋಟೀನುಗಳು), ಬಿಳಿ ರಕ್ತಕಣಗಳ ಎಣಿಕೆ ಇವೆಲ್ಲ ಸಹಾಯಕ್ಕೆ ಬರುತ್ತವೆ, ತೀರ್ಪು ಕೊಡುವುದಿಲ್ಲ. ಸಿಆರ್‌ಪಿ ಏರಲು ಸೋಂಕು ಶುರುವಾಗಿ ಆರೆಂಟು ಗಂಟೆ ಬೇಕು, ಆದ್ದರಿಂದ ಮೊದಲ ಗಂಟೆಗಳ ಸಾಮಾನ್ಯ ಮಟ್ಟವನ್ನು ನಂಬಿ ನಿಶ್ಚಿಂತರಾಗಬಾರದು. 24 ಗಂಟೆಯ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಕೆಳಗೇ ಇದ್ದರೆ ಸೋಂಕಿನ ಸಾಧ್ಯತೆ ಬಹಳ ಕಡಿಮೆ. ಏರಿದ ಸಿಆರ್‌ಪಿ ಬಾಟಲಿಯ ಬ್ಯಾಕ್ಟೀರಿಯಾವನ್ನು ನಿಜವಾಗಿಸದು, ಏಕೆಂದರೆ ಮಗುವಿಗೆ ನ್ಯುಮೋನಿಯಾ ಇದ್ದು ಕಲ್ಚರ್ ಕಂಟ್ಯಾಮಿನೇಷನ್ ಆಗಿರಲು ಸಾಧ್ಯ. ಹುಟ್ಟಿದ ಮೊದಲ ಎರಡು ದಿನ ಪ್ರೊಕ್ಯಾಲ್ಸಿಟೋನಿನ್ ತಾನಾಗಿಯೇ ಏರುತ್ತದೆ ಎಂಬುದೂ ನೆನಪಿನಲ್ಲಿರಲಿ.

ಒಂದೇ ವಾರದಲ್ಲಿ ಹಲವು ಮಕ್ಕಳ ಬಾಟಲಿಗಳಲ್ಲಿ ಬರ್ಕ್‌ಹೋಲ್ಡೇರಿಯಾ, ರಾಲ್ಸ್ಟೋನಿಯಾ, ಬ್ಯಾಸಿಲಸ್‌ನಂತಹ ಅಪರೂಪದ ಹೆಸರು ಬಂದರೆ ಸಲೈನ್, ಆಂಟಿಸೆಪ್ಟಿಕ್ ದ್ರಾವಣ, ಸ್ವಾಬ್‌ಗಳಲ್ಲೇ ಬ್ಯಾಕ್ಟೀರಿಯಾ ಇರಬಹುದೆಂದು ಸಂಶಯಿಸಿ ಸೋಂಕು ನಿಯಂತ್ರಣ ತಂಡಕ್ಕೆ ತಿಳಿಸಬೇಕು. ಆದರೆ ಆ ದ್ರಾವಣ ಮಗುವಿನ ನಾಳಕ್ಕೂ ಹೋಗಿದ್ದರೆ ಅದು ನಿಜವಾದ ಸೋಂಕೇ ಆಗಿರುತ್ತದೆ. ಆದ್ದರಿಂದ ತನಿಖೆ ನಡೆಯುವಾಗ ಚಿಕಿತ್ಸೆ ನಿಲ್ಲಬಾರದು.

ತೀರ್ಮಾನವಾದ ಮೇಲೆ

ಕಂಟ್ಯಾಮಿನೇಷನ್ ಎಂದು ನಿರ್ಧರಿಸಿದ ದಿನವೇ, ಬೇರೆ ಕಾರಣವಿಲ್ಲದಿದ್ದರೆ, ಆಂಟಿಬಯೋಟಿಕ್ ನಿಲ್ಲಿಸಬೇಕು. ಹೇಗೂ ಶುರು ಮಾಡಿದ್ದೇವೆ, ಐದು ದಿನ ಮುಗಿಸಿಬಿಡೋಣ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ವಾರ್ಡಿನ ಮಟ್ಟದಲ್ಲಿ ತಿಂಗಳಿಗೆ ತೆಗೆದ ಒಟ್ಟು ಕಲ್ಚರ್‌ಗಳಲ್ಲಿ ಕಂಟ್ಯಾಮಿನೇಷನ್ ಎಷ್ಟು ಎಂಬ ಲೆಕ್ಕವಿಡಬೇಕು. ಶೇ 3ರ ಒಳಗಿರಬೇಕು ಎಂಬುದು ಬಹುಕಾಲದಿಂದ ಒಪ್ಪಿಕೊಂಡ ಮಿತಿ. ಈಗ ಶೇ 1ರ ಗುರಿಯನ್ನು ಹಲವರು ಮುಂದಿಡುತ್ತಿದ್ದಾರೆ. ಈ ಅಂಕಿಯನ್ನು ರಕ್ತ ತೆಗೆಯುವವರ ಜೊತೆ ಹಂಚಿಕೊಳ್ಳಬೇಕು, ಬೈಯುವುದಕ್ಕಲ್ಲ, ತಾವು ಎಲ್ಲಿದ್ದೇವೆಂದು ಅವರಿಗೆ ಗೊತ್ತಾಗುವುದಕ್ಕೆ.

ಬಿಡುಗಡೆ ಪತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾದ ಹೆಸರು, ಎಷ್ಟು ಗಂಟೆಗೆ ಬೆಳೆಯಿತು, ಎಷ್ಟು ಕಲ್ಚರ್‌ಗಳಲ್ಲಿ ಬೆಳೆಯಿತು, ಅದನ್ನು ಏಕೆ ಕಂಟ್ಯಾಮಿನೇಷನ್ ಎಂದು ಪರಿಗಣಿಸಲಾಯಿತು ಎಂಬುದನ್ನು ಬರೆಯಬೇಕು. ತಂದೆತಾಯಿಗೂ ಇದನ್ನು ಬಿಡಿಸಿ ಹೇಳಿ, ಮತ್ತೆ ಜ್ವರ ಬಂದರೆ, ಮಗು ಮಂಕಾದರೆ, ಹಾಲು ಬಿಟ್ಟರೆ ತಡಮಾಡದೆ ಬರುವಂತೆ ತಿಳಿಸಬೇಕು. ಕೆಲವು ವಾರಗಳ ನಂತರ ಅದೇ ಮಗುವಿನ ರಕ್ತದಲ್ಲಿ ಅದೇ ಪ್ರಭೇದ, ಅದೇ ಔಷಧಿ ಪ್ರತಿಕ್ರಿಯೆಯೊಂದಿಗೆ ಮತ್ತೆ ಬೆಳೆದರೆ ಹಳೆಯ ತೀರ್ಮಾನವನ್ನು ಬದಿಗಿಟ್ಟು ಲೈನ್, ಶಂಟ್ (ದ್ರವ ಹರಿಸಲು ಮೈಯೊಳಗೆ ಹಾಕಿದ ಕೊಳವೆ), ಹೃದಯದ ಕವಾಟಗಳನ್ನು ಹೊಸದಾಗಿ ಪರಿಶೀಲಿಸಬೇಕು.